ಲಾಂಝೌ: ಮರುಭೂಮಿಯ ಅಂಚಿನಲ್ಲೊಂದು ಕಾರ್ಖಾನೆಗಳ ನಗರ

ಚೀನಾದ ಭೂಪಟವನ್ನು ಬಿಡಿಸಿ, ಹ್ವಾಂಗ್‌ಹೋ (ಹಳದಿ) ನದಿಯ ದಾರಿಯನ್ನು ಬೆರಳಿನಿಂದ ಗುರುತಿಸುತ್ತ ಬನ್ನಿ. ಟಿಬೆಟ್ ಪ್ರಸ್ಥಭೂಮಿಯ ಕಡೆಯಿಂದ ಇಳಿದು ಬರುವ ಈ ನದಿ, ಉತ್ತರಕ್ಕೆ ತಿರುಗಿ ಟೆಂಗರ್ ಮರುಭೂಮಿಯ ಅಂಚನ್ನು ಸೇರುವ ಮುನ್ನ ಒಂದು ಇಕ್ಕಟ್ಟಾದ ಕಣಿವೆಯ ಮೂಲಕ ಹಾಯುತ್ತದೆ. ಕಣಿವೆಯ ಉದ್ದ ಸುಮಾರು 35 ಕಿಲೋಮೀಟರು. ಅಗಲ ಕೆಲವೆಡೆ ಎಂಟು ಕಿಲೋಮೀಟರು, ಕೆಲವೆಡೆ ಎರಡೇ. ಗಾನ್ಸು ಪ್ರಾಂತದ ರಾಜಧಾನಿ ಲಾಂಝೌ ಇರುವುದು ಇಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ. ವರ್ಷದ ಮಳೆ ಸುಮಾರು 300 ಮಿಲಿಮೀಟರು. ಇಷ್ಟು ಕಡಿಮೆ ಮಳೆಯ ಜಾಗದಲ್ಲಿ ಲಕ್ಷಗಟ್ಟಲೆ ಜನ ವಾಸಿಸುತ್ತಿದ್ದಾರೆ, ದೊಡ್ಡ ಕಾರ್ಖಾನೆಗಳು ನಡೆಯುತ್ತಿವೆ ಎಂದರೆ ಅದಕ್ಕೆ ನದಿಯೇ ಕಾರಣ. ಆದರೆ ನದಿ ಕೊರೆದ ಇದೇ ಕಣಿವೆ ಆ ಕಾರ್ಖಾನೆಗಳ ಹೊಗೆಯನ್ನು ಹೊರಹೋಗಲು ಬಿಡಲಿಲ್ಲ. ಲಾಂಝೌವಿನ ತಾಂತ್ರಿಕ ಇತಿಹಾಸವನ್ನು ತಿಳಿಯಬೇಕಾದರೆ ಈ ಎರಡನ್ನೂ ಜೊತೆಯಲ್ಲೇ ನೋಡಬೇಕು.

ರೈಲಿನಲ್ಲಿ ಪೂರ್ವದಿಂದ ಬರುವವರಿಗೆ ಮೊದಲು ಕಾಣುವುದು ಬೋಳು ಗುಡ್ಡಗಳು. ಇವು ಬಂಡೆಯ ಗುಡ್ಡಗಳಂತೆ ಕಾಣುವುದಿಲ್ಲ. ಮರುಭೂಮಿಗಳ ಕಡೆಯಿಂದ ಗಾಳಿ ಲಕ್ಷಾಂತರ ವರ್ಷ ಹೊತ್ತು ತಂದು ಸುರಿದ ಲೋಯೆಸ್ ಎಂಬ ನವುರಾದ ಹಳದಿ ಮಣ್ಣು ಇಲ್ಲಿ ನೂರಾರು ಮೀಟರ್ ದಪ್ಪಕ್ಕೆ ಕುಳಿತಿದೆ. ನದಿಗೆ ಹಳದಿ ಬಣ್ಣ, ಅದರೊಂದಿಗೆ ಹೆಸರು ಬಂದದ್ದು ಈ ಮಣ್ಣಿನಿಂದಲೇ.

ಊರು ಹುಟ್ಟಿದ್ದು ನದಿಯನ್ನು ದಾಟಲು. ಚೀನಾದ ಒಳನಾಡಿನಿಂದ ಮಧ್ಯ ಏಷ್ಯಕ್ಕೆ ಹೊರಟ ರೇಷ್ಮೆ ಹಾದಿಯ ಸಾರ್ಥಗಳು ಇಲ್ಲಿ ಹ್ವಾಂಗ್‌ಹೋ ದಾಟಿ, ಒಂದು ಪಕ್ಕ ಹಿಮಬೆಟ್ಟ, ಇನ್ನೊಂದು ಪಕ್ಕ ಮರಳುಗಾಡು ಇರುವ ಹೆಶೀ ಹಾದಿಯನ್ನು ಹಿಡಿಯುತ್ತಿದ್ದವು. ಹಾನ್ ರಾಜವಂಶದವರು ಕ್ರಿಸ್ತಪೂರ್ವ 81ರಲ್ಲಿ ಈ ಭಾಗದಲ್ಲಿ ಜಿನ್‌ಚೆಂಗ್, ಅಂದರೆ ಹೊನ್ನಿನ ಕೋಟೆ, ಎಂಬ ಆಡಳಿತ ಪ್ರಾಂತವನ್ನು ಸ್ಥಾಪಿಸಿದರು. ನದಿಗೆ ಗಟ್ಟಿಯಾದ ಸೇತುವೆ ಮಾತ್ರ ಬಹುಕಾಲ ಇರಲಿಲ್ಲ. ಮಿಂಗ್ ರಾಜವಂಶದ ಆರಂಭದಲ್ಲಿ, 14ನೇ ಶತಮಾನದ ಕೊನೆಯ ಭಾಗದಲ್ಲಿ, ದೋಣಿಗಳನ್ನು ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸಿದ ತೇಲುಸೇತುವೆ ಬಂತು. ದಡದಲ್ಲಿ ನೆಟ್ಟ ಎರಕದ ಕಬ್ಬಿಣದ ಕಂಬಗಳಿಗೆ ಅದನ್ನು ಬಿಗಿದಿದ್ದರು. ಅಂಥದೊಂದು ಕಂಬವನ್ನು ಇಂದಿಗೂ ನೋಡಬಹುದು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುವ ಮುನ್ನ ದೋಣಿಗಳನ್ನು ಬಿಚ್ಚಿ ದಡಕ್ಕೆ ಎಳೆಯಬೇಕು. ವಸಂತದಲ್ಲಿ ಮತ್ತೆ ಕಟ್ಟಬೇಕು. ನಡುವಿನ ತಿಂಗಳುಗಳಲ್ಲಿ ಗಾಡಿಗಳು ಮಂಜುಗಡ್ಡೆಯ ಮೇಲೆಯೇ ಓಡಾಡುತ್ತಿದ್ದವು. ಹೀಗೆ ಸುಮಾರು ಐನೂರು ವರ್ಷ ನಡೆಯಿತು.

ಅದೇ ಜಾಗದಲ್ಲಿ ಈಗ ನಿಂತಿರುವುದು 1909ರಲ್ಲಿ ಮುಗಿದ ಕಬ್ಬಿಣದ ಸೇತುವೆ. ಉದ್ದ ಸುಮಾರು 233 ಮೀಟರು, ನದಿಯಲ್ಲಿ ನಾಲ್ಕು ಕಂಬ. ಗುತ್ತಿಗೆ ಹಿಡಿದದ್ದು ತಿಯಾನ್‌ಜಿನ್ ಬಂದರಿನಲ್ಲಿದ್ದ ಒಂದು ಜರ್ಮನ್ ವ್ಯಾಪಾರಿ ಸಂಸ್ಥೆ. ಉಕ್ಕಿನ ತೊಲೆ, ಸಿಮೆಂಟು, ಬೋಲ್ಟುಗಳೆಲ್ಲ ಜರ್ಮನಿಯಿಂದ ಹಡಗಿನಲ್ಲಿ ತಿಯಾನ್‌ಜಿನ್‌ಗೆ, ಅಲ್ಲಿಂದ ಹೆನಾನ್ ಪ್ರಾಂತದವರೆಗೆ ರೈಲಿನಲ್ಲಿ, ಆಮೇಲೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಪ್ರಾಣಿಗಳು ಎಳೆಯುವ ಗಾಡಿಗಳಲ್ಲಿ ಬಂದವು. ಗುತ್ತಿಗೆಯ ಮೊತ್ತ 1,65,000 ತೇಲ್ ಬೆಳ್ಳಿ. ಸಾಗಣೆ ಮುಂತಾದವು ಸೇರಿ ಒಟ್ಟು ಖರ್ಚು 3 ಲಕ್ಷ ತೇಲ್ ಮೀರಿತು. ಸೇತುವೆ ಕಟ್ಟುವುದಕ್ಕಿಂತ ಅದನ್ನು ಲಾಂಝೌವರೆಗೆ ತರುವುದೇ ಕಷ್ಟವಾಗಿತ್ತು ಎಂದರೆ ತಪ್ಪಾಗದು. ಈಗ ಕಾಣುವ ಬಾಗಿದ ಉಕ್ಕಿನ ಕಮಾನುಗಳು ಮೂಲ ಸೇತುವೆಯವಲ್ಲ. ಬಲಪಡಿಸುವುದಕ್ಕಾಗಿ 1954ರಲ್ಲಿ ಸೇರಿಸಿದವು. ಪ್ರವಾಸಿಗರು ಫೋಟೋ ತೆಗೆಯುವುದು ಹೆಚ್ಚಾಗಿ ಈ ಕಮಾನುಗಳನ್ನೇ!

ಇದೇ ಸಾಗಣೆಯ ತೊಡಕು ಲಾಂಝೌವಿನ ಮೊದಲ ಯಂತ್ರ ಕಾರ್ಖಾನೆಯನ್ನೂ ಕಾಡಿತ್ತು. ಪ್ರಾಂತಾಧಿಕಾರಿಯಾಗಿದ್ದ ಝುವೋ ಝೊಂಗ್‌ಟಾಂಗ್ ಜರ್ಮನಿಯಿಂದ ಯಂತ್ರಗಳನ್ನು ತರಿಸಿ 1880ರಲ್ಲಿ ಇಲ್ಲಿ ಉಣ್ಣೆ ಬಟ್ಟೆಯ ಗಿರಣಿಯನ್ನು ಆರಂಭಿಸಿದನು. ಯಂತ್ರಗಳಿಂದ ಉಣ್ಣೆ ನೇಯುವ ಚೀನಾದ ಮೊದಲ ಗಿರಣಿ ಇದು. ಬಾಯ್ಲರುಗಳನ್ನು ಬಿಡಿಭಾಗಗಳಾಗಿ ಬಿಚ್ಚಿ, ಕೆಲವೆಡೆ ಬೆಟ್ಟದ ದಾರಿಯನ್ನೇ ಅಗಲಿಸಿ ಸಾಗಿಸಬೇಕಾಯಿತು. ಸುತ್ತಲಿನ ಹುಲ್ಲುಗಾವಲಿನಲ್ಲಿ ಉಣ್ಣೆ ಧಾರಾಳವಾಗಿತ್ತು ನಿಜ. ಆದರೆ ಬಟ್ಟೆಯನ್ನು ಅಷ್ಟು ದೂರದಿಂದ ಮಾರುಕಟ್ಟೆಗೆ ಕಳಿಸುವುದು ದುಬಾರಿ. ಕೆಟ್ಟ ಯಂತ್ರವನ್ನು ಸರಿಪಡಿಸುವವರು ಹತ್ತಿರದಲ್ಲಿರಲಿಲ್ಲ. ಕೆಲವೇ ವರ್ಷಗಳಲ್ಲಿ ಬಾಯ್ಲರ್ ಸಿಡಿದು ಗಿರಣಿ ನಿಂತಿತು.

ಇದಕ್ಕೆ ಹೋಲಿಸಿದರೆ ಸ್ಥಳೀಯ ತಂತ್ರಗಳು ಎಷ್ಟು ಕಾಲ ಬಾಳಿದವು ನೋಡಿ. ಸರಕು ಸಾಗಿಸಲು ಕುರಿಯ ಚರ್ಮವನ್ನು ಇಡಿಯಾಗಿ ಸುಲಿದು, ಹದಮಾಡಿ, ಗಾಳಿ ಊದಿ, ಅಂಥ ಚೀಲಗಳನ್ನು ಮರದ ಚೌಕಟ್ಟಿಗೆ ಕಟ್ಟಿದ ತೆಪ್ಪಗಳಿದ್ದವು. ದೊಡ್ಡ ತೆಪ್ಪಗಳು ಉಣ್ಣೆಯನ್ನು ಹೇರಿಕೊಂಡು ಹೊಳೆಯ ಜೊತೆ ಬಾವೋಟೌ ನಗರದವರೆಗೆ ತೇಲಿ ಹೋಗುತ್ತಿದ್ದವು.

ಬೇಸಾಯಕ್ಕೆ ಇದ್ದದ್ದು ನೀರೆತ್ತುವ ಚಕ್ರ. ಲಾಂಝೌವಿನಲ್ಲಿ ನದಿ ಹೊಲಗಳಿಗಿಂತ ಬಹಳ ಕೆಳಗೆ ಹರಿಯುತ್ತದೆ. ನೀರು ಕಣ್ಣೆದುರಿಗಿದ್ದರೂ ಬೆಳೆಗೆ ದಕ್ಕದು. ಇದೇ ಊರಿನವನಾದ ದುವಾನ್ ಶು ಎಂಬ ಅಧಿಕಾರಿ ದಕ್ಷಿಣ ಚೀನಾದಲ್ಲಿ ಬಿದಿರಿನ ಕೊಳವೆಗಳ ಚಕ್ರಗಳನ್ನು ಕಂಡಿದ್ದನು. ನಿವೃತ್ತನಾಗಿ ಬಂದ ಮೇಲೆ ಹಲವು ಬಾರಿ ಪ್ರಯತ್ನಿಸಿ 1556ರಲ್ಲಿ ಹ್ವಾಂಗ್‌ಹೋಗೆ ಒಗ್ಗುವ ಚಕ್ರವನ್ನು ನಿಲ್ಲಿಸಿದನೆಂದು ದಾಖಲೆಯಿದೆ. ಇದು ಸಾಮಾನ್ಯವಾಗಿ 16 ಮೀಟರ್ ವ್ಯಾಸದ ಮರದ ಚಕ್ರ. ಕೆಲವು 20 ಮೀಟರನ್ನೂ ಮೀರುತ್ತಿದ್ದವು. ಅಂಚಿನಲ್ಲಿ ಹಲಗೆಗಳು, ಅವುಗಳ ಪಕ್ಕಕ್ಕೆ ಓರೆಯಾಗಿ ಕಟ್ಟಿದ ಮರದ ಡಬ್ಬಗಳು. ಹರಿವು ಹಲಗೆಯನ್ನು ತಳ್ಳಿದಂತೆ ಚಕ್ರ ತಿರುಗುತ್ತದೆ. ಕೆಳಗೆ ತುಂಬಿದ ಡಬ್ಬ ತುದಿಗೆ ಬಂದಾಗ ವಾಲಿ ನೀರನ್ನು ದೋಣಿಗೆ ಸುರಿಯುತ್ತದೆ. ಅಲ್ಲಿಂದ ಕಾಲುವೆಗೆ, ಹೊಲಕ್ಕೆ. ನದಿ ಇಳಿದಾಗಲೂ ಸೆಳೆತ ಸಾಲಬೇಕಲ್ಲ? ಅದಕ್ಕಾಗಿ ಕಲ್ಲಿನ ಗೋಡೆ ಕಟ್ಟಿ ನೀರನ್ನು ಚಕ್ರದ ಕೆಳಗಿನ ಕಿರುಗಾಲುವೆಗೆ ತಿರುಗಿಸುತ್ತಿದ್ದರು. ಎತ್ತು ಬೇಡ, ಆಳು ಬೇಡ, ಹಗಲೂ ರಾತ್ರಿಯೂ ಕೆಲಸ. ಮಿತಿಯೂ ಸ್ಪಷ್ಟ: ಚಕ್ರದ ವ್ಯಾಸಕ್ಕಿಂತ ಮೇಲಿರುವ ನೆಲಕ್ಕೆ ನೀರು ಏರದು, ಚಳಿಗಾಲದಲ್ಲಿ ಚಕ್ರ ತಿರುಗದು. 1952ರಲ್ಲಿ ಇಂಥ 252 ಚಕ್ರಗಳು ಸುಮಾರು 6,700 ಹೆಕ್ಟೇರಿಗೆ ನೀರುಣಿಸುತ್ತಿದ್ದವು. ಮುಂದಿನ ವರ್ಷಗಳಲ್ಲಿ ವಿದ್ಯುತ್ ಪಂಪುಗಳು ಬಂದು ಅವು ಮೂಲೆ ಸೇರಿದವು. ಈಗ ನದೀ ತೀರದ ಉದ್ಯಾನದಲ್ಲಿ ತಿರುಗುವ ಚಕ್ರಗಳು ಪ್ರದರ್ಶನಕ್ಕೆಂದು ಹೊಸದಾಗಿ ಮಾಡಿದವು.

ಪಂಪು, ವಿದ್ಯುತ್ತು, ಕಾರ್ಖಾನೆ ಎಲ್ಲಕ್ಕೂ ದಾರಿ ಮಾಡಿದ್ದು ರೈಲು. 1952ರಲ್ಲಿ ಪೂರ್ವದಿಂದ ಹಳಿ ಲಾಂಝೌ ತಲುಪಿತು. ಅದೇ ವರ್ಷ ಪಶ್ಚಿಮದ ಶಿನ್‌ಜಿಯಾಂಗ್ ಕಡೆಗೆ ಇನ್ನೊಂದು ಮಾರ್ಗ ಆರಂಭವಾಯಿತು. ಮೂರನೆಯದು, 1958ರಲ್ಲಿ ತೆರೆದ ಬಾವೋಟೌ–ಲಾಂಝೌ ಮಾರ್ಗ, ಟೆಂಗರ್ ಮರುಭೂಮಿಯ ದಕ್ಷಿಣದ ಅಂಚನ್ನು ಹಾದುಹೋಗಬೇಕಿತ್ತು. ಶಾಪೊತೌ ಎಂಬಲ್ಲಿ ಮರಳಿನ ದಿಬ್ಬಗಳು ನದಿಯವರೆಗೂ ಚಾಚಿವೆ. ಗಾಳಿ ಬೀಸಿದರೆ ಹಳಿ ಮುಚ್ಚಿಹೋಗುವುದು ಖಚಿತ. ಅಲ್ಲಿ ಕಂಡುಕೊಂಡ ಉಪಾಯ ತೀರ ಸರಳ. ಗೋಧಿಯ ಹುಲ್ಲನ್ನು ಮರಳಿನ ಮೇಲೆ ಸಾಲಾಗಿ ಹರಡಿ, ಗುದ್ದಲಿಯಂಚಿನಿಂದ ನಡುವೆ ಒತ್ತಿದರೆ ತುದಿಗಳು ಹತ್ತಿಪ್ಪತ್ತು ಸೆಂಟಿಮೀಟರ್ ಮೇಲೆ ನಿಲ್ಲುತ್ತವೆ. ಹೀಗೆ ಒಂದು ಮೀಟರಿಗೆ ಒಂದು ಮೀಟರಿನ ಚೌಕಗಳನ್ನು ಚದುರಂಗದ ಹಾಸಿನಂತೆ ಮಾಡುತ್ತಾರೆ. ಗಾಳಿಯಲ್ಲಿ ಮರಳಿನ ಕಣಗಳು ಬಹುಪಾಲು ನೆಲದ ಹತ್ತಿರವೇ ಪುಟಿಯುತ್ತ ಸಾಗುತ್ತವೆ. ಅಲ್ಲಿ ಗಾಳಿಯ ವೇಗವನ್ನು ತಗ್ಗಿಸಿದರೆ ಸಾಕು, ದಿಬ್ಬ ಕದಲುವುದಿಲ್ಲ. ಹುಲ್ಲು ಕೆಲವು ವರ್ಷಗಳಲ್ಲಿ ಕೊಳೆಯುತ್ತದೆ. ಅಷ್ಟರಲ್ಲಿ ಚೌಕದೊಳಗೆ ನೆಟ್ಟ ಕುರುಚಲು ಗಿಡಗಳು ಬೇರೂರುತ್ತವೆ, ಮೇಲೆ ಪಾಚಿ, ಹಾವಸೆಗಳ ತೆಳುಪದರ ಕಟ್ಟುತ್ತದೆ. 1955ರಲ್ಲಿ ಅಲ್ಲಿ ಚೀನಾ ವಿಜ್ಞಾನ ಅಕಾಡೆಮಿಯ ಸಂಶೋಧನಾ ಕೇಂದ್ರ ಶುರುವಾಯಿತು. ಮರುಭೂಮಿಯನ್ನು ಅಭ್ಯಸಿಸುವ ಅಕಾಡೆಮಿಯ ಸಂಸ್ಥೆ ಲಾಂಝೌವಿನಲ್ಲೇ ಬೆಳೆಯಿತು. ನಗರದ ಇತಿಹಾಸದಲ್ಲಿ ಇದೊಂದು ಅಪ್ಪಟ ಗೆಲುವು.

ಇನ್ನು ಕಾರ್ಖಾನೆಗಳ ವಿಷಯ. ಪ್ರವಾಸಿಗರನ್ನು ಸೇತುವೆಗೂ ಬಿಳಿಗೋಪುರದ ಬೆಟ್ಟಕ್ಕೂ ಕರೆದೊಯ್ಯುತ್ತಾರೆ. ನಗರದ ಪಶ್ಚಿಮ ತುದಿಯ ಶೀಗು ಬಡಾವಣೆಗೆ ಹೋಗುವವರು ಕಡಿಮೆ. ಆದರೆ ಆಧುನಿಕ ಲಾಂಝೌ ಅರ್ಥವಾಗಬೇಕಾದರೆ ನೋಡಬೇಕಾದದ್ದು ಅದನ್ನೇ. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ (1953–57) ಸೋವಿಯತ್ ನೆರವಿನಿಂದ ಕೈಗೊಂಡ ದೊಡ್ಡ ಯೋಜನೆಗಳಲ್ಲಿ ಹಲವು ಇಲ್ಲಿಗೆ ಬಂದವು. ಯೂಮೆನ್ ಎಣ್ಣೆಬಾವಿಗಳಿಂದ ರೈಲಿನಲ್ಲಿ ಕಚ್ಚಾ ಎಣ್ಣೆ ತರಬಹುದು, ನದಿಯ ನೀರಿದೆ, ಕರಾವಳಿಯ ಶತ್ರುಭಯದಿಂದ ದೂರ ಎಂಬುದು ಲೆಕ್ಕಾಚಾರ. ವರ್ಷಕ್ಕೆ 10 ಲಕ್ಷ ಟನ್ ಸಾಮರ್ಥ್ಯದ ಎಣ್ಣೆ ಶುದ್ಧೀಕರಣ ಕಾರ್ಖಾನೆ 1958ರಲ್ಲಿ ಕೆಲಸ ಆರಂಭಿಸಿತು. ರಸಗೊಬ್ಬರ, ಕೃತಕ ರಬ್ಬರ್, ಉಷ್ಣವಿದ್ಯುತ್ ಸ್ಥಾವರ ಅದರ ನೆರೆಯಲ್ಲೇ. ನಗರದ ಪಶ್ಚಿಮಕ್ಕೆ ಅನಿಲ ವಿಸರಣದಿಂದ ಯುರೇನಿಯಂ ಪುಷ್ಟೀಕರಿಸುವ ಸ್ಥಾವರವೂ ಬಂತು. 1964ರ ಅಕ್ಟೋಬರ್ 16ರ ಚೀನಾದ ಮೊದಲ ಅಣುಬಾಂಬಿಗೆ ಯುರೇನಿಯಂ ಒದಗಿಸಿದ್ದು ಅದು.

ಎಲ್ಲವೂ ಸರಿಯೇ. ಆದರೆ ಹ್ವಾಂಗ್‌ಹೋ ಇಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಅಂದರೆ ಶೀಗು ಇರುವುದು ಊರಿನ ಮೇಲ್ಹೊಳೆಯಲ್ಲಿ.

ಮೊದಲು ಕಣ್ಣಿಗೆ ಬಿದ್ದದ್ದು ನೀರಿನ ತೊಂದರೆಯಲ್ಲ, ಗಾಳಿಯದು. 1974ರ ಸುಮಾರಿಗೆ ಬೇಸಿಗೆಯ ಬಿಸಿಲಿನಲ್ಲಿ ಶೀಗುವಿನ ಜನರಿಗೆ ಕಣ್ಣುರಿ, ಕಣ್ಣೀರು ಶುರುವಾದವು. ಪೀಕಿಂಗ್ ವಿಶ್ವವಿದ್ಯಾಲಯದ ಟಾಂಗ್ ಶಿಯಾವೋಯಾನ್ ಮತ್ತು ಸಂಗಡಿಗರು ಇದನ್ನು ಅಭ್ಯಸಿಸಿ ದ್ಯುತಿರಾಸಾಯನಿಕ ಹೊಗೆಮಂಜು ಎಂದು ಗುರುತಿಸಿದರು. ಹೈಡ್ರೊಕಾರ್ಬನ್ನುಗಳು ಮತ್ತು ನೈಟ್ರೊಜನ್ ಆಕ್ಸೈಡುಗಳು ಸೂರ್ಯನ ಬೆಳಕಿನಲ್ಲಿ ವರ್ತಿಸಿ ಓಜೋನ್ ಮತ್ತು ಕಣ್ಣುರಿಸುವ ಇತರ ಸಂಯುಕ್ತಗಳಾಗುವ ಕ್ರಿಯೆ ಇದು. ಲಾಸ್ ಏಂಜಲಿಸ್ ನಗರದಲ್ಲಿ ಇದಕ್ಕೆ ಮುಖ್ಯ ಕಾರಣ ಮೋಟಾರು ವಾಹನಗಳು. ಲಾಂಝೌವಿನಲ್ಲಿ ಆಗ ಕಾರುಗಳೆಷ್ಟಿದ್ದವು? ಇಲ್ಲಿ ಹೈಡ್ರೊಕಾರ್ಬನ್ ಬಂದದ್ದು ಎಣ್ಣೆ ಕಾರ್ಖಾನೆಗಳಿಂದ, ನೈಟ್ರೊಜನ್ ಆಕ್ಸೈಡು ವಿದ್ಯುತ್ ಸ್ಥಾವರದಿಂದ. ಎತ್ತರದ ಒಣ ಹವೆಯ ಪ್ರಖರ ಬಿಸಿಲು ಉಳಿದದ್ದನ್ನು ಮಾಡಿತು. ಚೀನಾದಲ್ಲಿ ಇಂಥ ಹೊಗೆಮಂಜು ಪತ್ತೆಯಾದ ಮೊದಲ ಸ್ಥಳ ಇದು.

ಚಳಿಗಾಲದ ಕಥೆ ಬೇರೆ. ಸಾಮಾನ್ಯವಾಗಿ ನೆಲದ ಹತ್ತಿರ ಗಾಳಿ ಬೆಚ್ಚಗಿದ್ದು ಮೇಲೆ ಹೋದಂತೆ ತಣ್ಣಗಾಗುತ್ತದೆ. ಚಳಿಗಾಲದ ರಾತ್ರಿ ಇಳಿಜಾರುಗಳಲ್ಲಿ ತಣಿದ ಭಾರವಾದ ಗಾಳಿ ಕಣಿವೆಯ ತಳಕ್ಕೆ ಜಾರುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಇದೇ ಉಷ್ಣತಾ ವಿಲೋಮ. ಸುತ್ತ ಬೆಟ್ಟಗಳಿರುವುದರಿಂದ ಗಾಳಿಯ ವೇಗ ಸರಾಸರಿ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು ಮಾತ್ರ. ಮನೆ ಬೆಚ್ಚಗಿಡಲು ಸುಟ್ಟ ಕಲ್ಲಿದ್ದಲಿನ ಹೊಗೆ, ಕಾರ್ಖಾನೆಯ ಹೊಗೆ ಎರಡೂ ಅಲ್ಲೇ ಉಳಿದವು. ವಸಂತದಲ್ಲಿ ಗಾಳಿ ಎದ್ದಿತೆಂದರೆ ಅದು ಮರುಭೂಮಿಯ ದೂಳನ್ನು ತಂದಿತು. 1990ರ ದಶಕದಲ್ಲಿ ಲಾಂಝೌ ಪ್ರಪಂಚದ ಅತಿ ಮಲಿನ ನಗರಗಳ ಪಟ್ಟಿಗಳಲ್ಲಿ ಕಾಣಿಸಿಕೊಂಡಿತು.

ಪರಿಹಾರಕ್ಕೆ ಏನೇನೋ ಪ್ರಯತ್ನಗಳಾದವು. 1950ರ ದಶಕದಿಂದಲೇ ಜನರು ಚಳಿಗಾಲದಲ್ಲಿ ನದಿಯ ಮಂಜುಗಡ್ಡೆಯನ್ನು ಬೆನ್ನ ಮೇಲೆ ಹೊತ್ತು ಬೋಳು ಗುಡ್ಡಗಳಿಗೆ ಏರಿಸಿ ಸಸಿಗಳಿಗೆ ನೀರು ಒದಗಿಸಿದ್ದರು. ಈಗ ಗುಡ್ಡಗಳ ಮೇಲೆ ಕಾಣುವ ಹಸಿರು ಪಂಪಿನ ನೀರಿನದು. 1997ರಲ್ಲಿ ಹೊರಟ ಯೋಜನೆಯಂತೂ ವಿಚಿತ್ರ: ದಾಚಿಂಗ್ ಎಂಬ ಬೆಟ್ಟವನ್ನು ಕಡಿದು ಗಾಳಿಗೆ ಬಾಗಿಲು ತೆರೆಯುವುದು! ಹತ್ತಾರು ಕಿಲೋಮೀಟರ್ ಉದ್ದದ ಕಣಿವೆಯ ಹವೆಯನ್ನು ಒಂದು ಕಿಂಡಿ ಬದಲಿಸೀತೆ ಎಂದು ವಿಜ್ಞಾನಿಗಳು ಸಂಶಯಪಟ್ಟರು. ಬೆಟ್ಟದ ಸ್ವಲ್ಪ ಭಾಗ ಹೋದ ಮೇಲೆ ಕೆಲಸ ನಿಂತಿತು. ಫಲ ಕೊಟ್ಟದ್ದು ಇದಕ್ಕಿಂತ ಸಪ್ಪೆಯಾದ ಕ್ರಮಗಳು: ಬಾಯ್ಲರುಗಳಿಗೆ ಕಲ್ಲಿದ್ದಲಿನ ಬದಲು ಅನಿಲ, ಕಲ್ಲಿದ್ದಲಿನ ಮಾರಾಟಕ್ಕೆ ಕಡಿವಾಣ, ಕೆಲವು ಕಾರ್ಖಾನೆಗಳ ಸ್ಥಳಾಂತರ. 2010ರ ದಶಕದಲ್ಲಿ ಚಳಿಗಾಲದ ಆಕಾಶ ಕಾಣಿಸತೊಡಗಿತು.

ಆ ಹೊತ್ತಿಗೆ ನೀರಿನ ಸರದಿ ಬಂತು. 2014ರ ಏಪ್ರಿಲ್‌ನಲ್ಲಿ ನಲ್ಲಿ ನೀರಿನಲ್ಲಿ ಬೆಂಜೀನ್ ಪತ್ತೆಯಾಯಿತು. ಲೀಟರಿಗೆ 10 ಮೈಕ್ರೊಗ್ರಾಂ ಮಿತಿಯಿದ್ದರೆ, ಏಪ್ರಿಲ್ 11ರ ನಸುಕಿನಲ್ಲಿ ಅಳೆದಾಗ ಸಿಕ್ಕಿದ್ದು 200. ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು. ಅಂಗಡಿಗಳಲ್ಲಿ ಬಾಟಲಿ ನೀರು ಗಂಟೆಗಳಲ್ಲಿ ಖಾಲಿಯಾಯಿತು. ತನಿಖೆ ನಡೆದಾಗ ತಿಳಿದದ್ದು: ಶೀಗುವಿನ ಜಲಶುದ್ಧೀಕರಣ ಕೇಂದ್ರಕ್ಕೆ ನೀರು ಒಯ್ಯುವ, 1950ರ ದಶಕದ ಕಾಂಕ್ರೀಟಿನ ನಾಲೆ ಎಣ್ಣೆ ಕಾರ್ಖಾನೆಯ ಪಕ್ಕದಲ್ಲೇ ನೆಲದೊಳಗೆ ಹಾದುಹೋಗುತ್ತಿತ್ತು. 1987 ಮತ್ತು 2002ರ ಅವಘಡಗಳಲ್ಲಿ ಚೆಲ್ಲಿದ ಎಣ್ಣೆ ಮಣ್ಣಿನಲ್ಲಿ ಉಳಿದಿತ್ತು. ನಾಲೆಯ ಕೀಲುಗಳು ಸವೆದು ಬಿರುಕುಬಿಟ್ಟಾಗ ಅದು ಒಳಗೆ ಜಿನುಗಿತು. ಆ ದಿನ ಕಾರ್ಖಾನೆಯಲ್ಲಿ ಯಾವ ಅಪಘಾತವೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಇದಾದ ಮೇಲೆ ನಗರ ತನ್ನ ನೀರನ್ನು ಶೀಗುವಿಗಿಂತ ಮೇಲಿನಿಂದ ತರಲು ನಿರ್ಧರಿಸಿತು. ಶೀಗುವಿನ ಮೇಲ್ಹೊಳೆಯಲ್ಲಿ 1974ರಲ್ಲಿ ಪೂರ್ಣಗೊಂಡ 147 ಮೀಟರ್ ಎತ್ತರದ ಲಿಯೂಜ್ಯಾಶ್ಯಾ ಅಣೆಕಟ್ಟು ಇದೆ. ಅದರ ಜಲಾಶಯದಿಂದ ಬೆಟ್ಟಗಳ ಒಳಗೆ ಸುಮಾರು 31 ಕಿಲೋಮೀಟರ್ ಸುರಂಗ ಕೊರೆದು, 2019ರಲ್ಲಿ ಊರಿಗೆ ನೀರು ಹರಿಸಿದರು.