ಊರು ಬಿಟ್ಟ ಮೀನು ಐಸ್ ಪೆಟ್ಟಿಗೆಯಲ್ಲಿ ವಾಪಸ್ ಬಂತು: ಟಿಲಾಪಿಯಾದ ಕಥೆ

ಕೆರೆ ಏರಿ ಮೇಲೆ ಮೀನು ಮಾರೋರ ಹತ್ತಿರ ಹೋದ್ರೆ ಕಾಟ್ಲಾ, ರೋಹು ಪಕ್ಕದಲ್ಲಿ ಇನ್ನೊಂದು ಅಗ್ಗದ ಮೀನು ಕಾಣುತ್ತೆ. ಬೂದು ಬಣ್ಣ, ಚಪ್ಪಟೆ ಮೈ, ಬೆನ್ನ ಮೇಲೆ ಚುಚ್ಚೋ ಮುಳ್ಳು. ಜಿಲೇಬಿ ಮೀನು ಅಂತಾರೆ. ಇದು ನಮ್ಮ ಕೆರೆಯದ್ದೇ ಮೀನು ಅಂತ ಅಂದುಕೊಂಡಿದ್ರೆ, ಅಲ್ಲ. ಇದರ ನಿಜವಾದ ಹೆಸರು ಟಿಲಾಪಿಯಾ, ತವರು ಆಫ್ರಿಕಾ.

ಈಗ ಒಂದು ವಿಚಿತ್ರ ನೋಡಿ. 2018ರ ಅಕ್ಟೋಬರ್‌ನಲ್ಲಿ ಕೆನ್ಯಾದ ಆಗಿನ ಅಧ್ಯಕ್ಷ ಉಹುರು ಕೆನ್ಯಾಟಾ ಚೀನಾದ ಮೀನಿನ ಆಮದಿಗೆ ತಡೆ ಹಾಕಬೇಕು ಎಂಬ ಮಾತೆತ್ತಿದರು. ಚೀನಾದ ರಾಜತಾಂತ್ರಿಕರು ಆಕ್ಷೇಪಿಸಿದರು. ಜಗಳ ಇದ್ದದ್ದು ಹೆಚ್ಚಾಗಿ ಟಿಲಾಪಿಯಾ ಬಗ್ಗೆ. ಆಫ್ರಿಕಾದ ಮೀನು, ಚೀನಾದಿಂದ, ಹಡಗು ಹತ್ತಿ ಆಫ್ರಿಕಾಕ್ಕೆ ಬರ್ತಿತ್ತು! ಇದು ಆಗಿದ್ದು ಹೇಗೆ? ಇವತ್ತಿನ ಸಂಚಿಕೆ ಅದರ ಬಗ್ಗೆ.

ಮೊದಲು ಈಜಿಪ್ಟ್‌ಗೆ ಹೋಗೋಣ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನೆಬಾಮುನ್ ಎಂಬ ಅಧಿಕಾರಿಯ ಸಮಾಧಿಯ ಭಿತ್ತಿಚಿತ್ರ ಇದೆ. ಸುಮಾರು 3,350 ವರ್ಷ ಹಳೆಯದು. ತೋಟದ ನಡುವೆ ಕೊಳ, ಕೊಳದಲ್ಲಿ ಬಾತುಕೋಳಿ, ತಾವರೆ, ಟಿಲಾಪಿಯಾ. ನೈಲ್ ಟಿಲಾಪಿಯಾದ ತಾಯಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತೆ. ತಾಯಿಯ ಬಾಯಿಂದ ಮರಿಗಳು ಹೊರಬರೋದನ್ನ ಕಂಡ ಈಜಿಪ್ಟಿನವರಿಗೆ ಈ ಮೀನು ಮರುಹುಟ್ಟಿನ ಸಂಕೇತವಾಗಿತ್ತು.

ಇದು ತವರು ಬಿಟ್ಟು ದೂರ ಹೋದ ಕಥೆ ಮಾತ್ರ ತೀರಾ ಇತ್ತೀಚಿನದು. 1930ರ ದಶಕದಲ್ಲಿ ಇಂಡೊನೇಷ್ಯಾದ ಜಾವಾ ದ್ವೀಪದ ನದಿಯೊಂದರ ಅಳಿವೆಯಲ್ಲಿ ಮುಜೈರ್ ಎಂಬುವರಿಗೆ ಕೆಲವು ಅಪರಿಚಿತ ಮೀನು ಸಿಕ್ಕವು. ಆಫ್ರಿಕಾದ ಪೂರ್ವ ಭಾಗದ ಮೊಜಾಂಬಿಕ್ ಟಿಲಾಪಿಯಾ ಅದು. ಅವರು ಅದನ್ನು ಕೊಳದಲ್ಲಿ ಸಾಕಿ ಬೆಳೆಸಿದರು. ಇಂಡೊನೇಷ್ಯಾದಲ್ಲಿ ಇವತ್ತಿಗೂ ಆ ಮೀನಿನ ಹೆಸರೇ ಮುಜೈರ್! ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಸಿಂಗಪುರದಿಂದ ಊರಿಗೆ ಮರಳುತ್ತಿದ್ದ ವೂ ಮತ್ತು ಕುವೊ ಎಂಬ ಇಬ್ಬರು ಇದರ ಮರಿಗಳನ್ನು ತೈವಾನ್‌ಗೆ ಒಯ್ದರು. ಅಲ್ಲಿ ಅದು 'ವೂ-ಕುವೊ ಮೀನು' ಆಯ್ತು.

ಭಾರತಕ್ಕೂ ಅದೇ ಮೀನು 1952ರಲ್ಲಿ ಬಂತು. ಹಸಿದ ಜನಕ್ಕೆ ಅಗ್ಗದ ಪ್ರೋಟೀನ್ ಸಿಗಲಿ ಅನ್ನೋದು ಆಸೆ. ಆದ್ರೆ ಕೆಲವೇ ತಿಂಗಳಲ್ಲಿ ಮರಿ ಹಾಕಿ, ಕೆರೆ ತುಂಬಿಸಿ, ಯಾವುದೂ ದಪ್ಪ ಆಗದೆ, ನಮ್ಮ ಗೆಂಡೆ ಜಾತಿಯ ಮೀನುಗಳ ಮೇವಿಗೂ ಬಾಯಿ ಹಾಕಿತು. 1959ರಲ್ಲಿ ಇನ್ನು ಹರಡಬೇಡಿ ಎಂಬ ತೀರ್ಮಾನವಾಯಿತು. ಅಷ್ಟರಲ್ಲಿ ಅದು ದಕ್ಷಿಣದ ಜಲಾಶಯ, ಕೆರೆಗಳಲ್ಲಿ ನೆಲೆ ಊರಿತ್ತು.

ಮಾರುಕಟ್ಟೆಯನ್ನು ಗೆದ್ದದ್ದು ಇದರ ದಾಯಾದಿ, ನೈಲ್ ಟಿಲಾಪಿಯಾ. 1965ರಲ್ಲಿ ಜಪಾನಿನ ಯುವರಾಜ ಅಕಿಹಿಟೊ 50 ಮೀನುಗಳನ್ನು ಥಾಯ್ಲೆಂಡಿನ ದೊರೆ ಭೂಮಿಬೋಲ್ ಅವರಿಗೆ ಕಳಿಸಿದರು. ಅಕಿಹಿಟೊ ಸ್ವತಃ ಮೀನುಗಳ ಸಂಶೋಧಕರು. ಅರಮನೆಯ ಕೊಳದಲ್ಲಿ ಮೀನು ಹೆಚ್ಚಿದವು. ಮರುವರ್ಷವೇ 10,000 ಮರಿಗಳು ಮೀನುಗಾರಿಕೆ ಇಲಾಖೆಗೆ, ಅಲ್ಲಿಂದ ರೈತರಿಗೆ ಹೋದವು.

ದೊಡ್ಡ ತಿರುವು ಬಂದದ್ದು 1988ರಲ್ಲಿ, ಫಿಲಿಪ್ಪೀನ್ಸ್‌ನಲ್ಲಿ. ಈಗ ವರ್ಲ್ಡ್‌ಫಿಶ್ ಅಂತ ಕರೆಯುವ ಸಂಶೋಧನಾ ಸಂಸ್ಥೆ ಎಂಟು ಕಡೆಯ ನೈಲ್ ಟಿಲಾಪಿಯಾವನ್ನು ಕಲೆಹಾಕಿತು. ಈಜಿಪ್ಟ್, ಘಾನಾ, ಕೆನ್ಯಾ, ಸೆನೆಗಲ್‌ನಿಂದ ಕಾಡುತಳಿ. ಇಸ್ರೇಲ್, ಸಿಂಗಪುರ, ತೈವಾನ್, ಥಾಯ್ಲೆಂಡ್‌ನಿಂದ ಸಾಕುತಳಿ. ನಮ್ಮಲ್ಲಿ ರೈತರು ಒಳ್ಳೆಯ ತೆನೆ ನೋಡಿ ಬೀಜಕ್ಕೆ ಎತ್ತಿಡ್ತಾರಲ್ಲ, ಅದೇ ಲೆಕ್ಕ. ಬೇಗ ಬೆಳೆದ ಮೀನುಗಳನ್ನು ಆರಿಸಿ, ಅವುಗಳಿಂದಲೇ ಮುಂದಿನ ತಲೆಮಾರು. ಈ ಲೆಕ್ಕವನ್ನು ನಾರ್ವೆಯವರು ಸಾಲ್ಮನ್ ಮೀನಿನಲ್ಲಿ ಮೊದಲೇ ಮಾಡಿ ನೋಡಿದ್ದರು. ಹುಟ್ಟಿದ ತಳಿಯ ಹೆಸರು ಗಿಫ್ಟ್. ಪ್ರತಿ ತಲೆಮಾರಿಗೂ ಬೆಳವಣಿಗೆ ಶೇ 10ಕ್ಕೂ ಮೇಲೆ ಏರುತ್ತಾ ಹೋಯ್ತು.

ಬಡ ರೈತರಿಗಾಗಿ ಸಾರ್ವಜನಿಕ ಹಣದಲ್ಲಿ ಶುರುವಾದ ಕೆಲಸ ಇದು. ಯೋಜನೆ ಮುಗಿದ ಮೇಲೆ, 1999ರಲ್ಲಿ, ನಾರ್ವೆಯ ಜೆನೋಮಾರ್ ಎಂಬ ಕಂಪನಿ ಆ ತಳಿಯ ಮೇಲೆ ತನ್ನ ವ್ಯಾಪಾರ ಕಟ್ಟಿತು. ಇನ್ನೊಂದು ಮಾತು: ತಳಿಯ ಅರ್ಧ ಬೇರು ಆಫ್ರಿಕಾದ್ದು, ಆದರೆ ಬಹಳ ವರ್ಷ ಗಿಫ್ಟ್ ಮೀನನ್ನು ಆಫ್ರಿಕಾಕ್ಕೆ ಕೊಡಲಿಲ್ಲ. ಕಾರಣ ಸಣ್ಣದಲ್ಲ. ಸಾಕುಮೀನು ತಪ್ಪಿಸಿಕೊಂಡು ಅಲ್ಲಿನ ಕಾಡುತಳಿಯ ಜೊತೆ ಬೆರೆತರೆ ಮೂಲವೇ ಕಳೆದುಹೋಗುತ್ತೆ. ಈ ಭಯಕ್ಕೆ ಸಾಕ್ಷಿಯೂ ಇತ್ತು. 1950ರ ದಶಕದಲ್ಲಿ ವಿಕ್ಟೋರಿಯಾ ಸರೋವರಕ್ಕೆ ಹೊರಗಿನಿಂದ ನೈಲ್ ಟಿಲಾಪಿಯಾ ಬಿಟ್ಟಿದ್ದರು. ಮುಂದೆ ಅಲ್ಲಿನ ಸ್ವಂತ ಟಿಲಾಪಿಯಾ 'ಎನ್ಗೆಗೆ' ಸರೋವರದಿಂದ ಹೆಚ್ಚುಕಡಿಮೆ ಮಾಯವೇ ಆಯಿತು.

ಅಷ್ಟರಲ್ಲಿ ಏಷ್ಯಾ ಓಡಿ ಆಗಿತ್ತು. ಚೀನಾದ ಗ್ವಾಂಗ್‌ಡಾಂಗ್, ಹೈನಾನ್‌ನ ಬೆಚ್ಚಗಿನ ನೀರು, ಪಕ್ಕದಲ್ಲೇ ಮೇವಿನ ಕಾರ್ಖಾನೆ, ಮುಳ್ಳು ತೆಗೆದು ಪ್ಯಾಕ್ ಮಾಡೋ ಘಟಕ. ಹೆಣ್ಣು ಮೀನು ಮರಿ ಹಾಕೋದ್ರಲ್ಲೇ ಶಕ್ತಿ ಕಳೆಯುತ್ತೆ ಅಂತ, ಮರಿಗಳಿಗೆ ಮೊದಲ ಕೆಲವು ವಾರ ಮೇವಿನಲ್ಲಿ ಹಾರ್ಮೋನ್ ಬೆರೆಸಿ ಕೊಳದ ತುಂಬ ಗಂಡುಮೀನನ್ನೇ ಬೆಳೆಸುವ ವಿಧಾನವೂ ಬಂತು. 2020ರಲ್ಲಿ ಜಗತ್ತು ಸಾಕಿದ ನೈಲ್ ಟಿಲಾಪಿಯಾ ಸುಮಾರು 44 ಲಕ್ಷ ಟನ್. ಮೊದಲ ಸ್ಥಾನ ಚೀನಾದ್ದು. ದೊಡ್ಡ ಗಿರಾಕಿ ಅಮೆರಿಕ.

2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಚೀನಾದ ಟಿಲಾಪಿಯಾ ಮೇಲೆ ಶೇ 10ರಷ್ಟು ಹೆಚ್ಚುವರಿ ಸುಂಕ ಹಾಕಿತು, ಮರುವರ್ಷ ಅದನ್ನು ಶೇ 25ಕ್ಕೆ ಏರಿಸಿತು. ಆಫ್ರಿಕಾದ ಮಾರುಕಟ್ಟೆ ಆಗ ಚೀನಾಕ್ಕೆ ಇನ್ನಷ್ಟು ಮುಖ್ಯವಾಯಿತು. ಅಲ್ಲಿ ಕೊಳ್ಳೋರಿಗೆ ಅಗ್ಗದ ಮೀನು ಬೇಕು, ಸರೋವರದ ಹಿಡುವಳಿ ಸಾಲದು. ಆದರೆ ದುಬಾರಿ ಮೇವು ಹಾಕಿ ಸಾಕುವ ಕೆನ್ಯಾದ ರೈತ ಆ ಬೆಲೆಗೆ ಮಾರೋದು ಹೇಗೆ? ಇಬ್ಬರ ಮಾತೂ ನಿಜ. ಕಷ್ಟ ಇರೋದೇ ಅಲ್ಲಿ.

ಹಾಗಂತ ಆಫ್ರಿಕಾ ಕೈಕಟ್ಟಿ ಕೂತಿಲ್ಲ. ಗಿಫ್ಟ್ ಮೀನನ್ನು ತರುವ ಬದಲು ಗಿಫ್ಟ್ ವಿಧಾನವನ್ನು ತಂದರು. ಘಾನಾದಲ್ಲಿ ಸ್ಥಳೀಯ ಮೀನಿನಿಂದಲೇ ಅಕೊಸೊಂಬೊ ತಳಿ, ಈಜಿಪ್ಟಿನಲ್ಲಿ ಅಬ್ಬಾಸಾ ತಳಿ ಸಿದ್ಧವಾದವು. ಈಜಿಪ್ಟ್ ಇವತ್ತು ಟಿಲಾಪಿಯಾ ಸಾಕಣೆಯಲ್ಲಿ ಜಗತ್ತಿನ ಮೊದಲ ಮೂರು ದೇಶಗಳಲ್ಲೊಂದು. ಬೆಳೆದದ್ದರಲ್ಲಿ ಬಹುಪಾಲು ಅಲ್ಲಿನ ಜನರ ತಟ್ಟೆಗೇ ಹೋಗುತ್ತೆ.

ನಮ್ಮಲ್ಲೂ ಬಾಗಿಲು ಮತ್ತೆ ತೆರೆದಿದೆ. 2011ರಲ್ಲಿ ವಿಜಯವಾಡ ಹತ್ತಿರ ಗಿಫ್ಟ್ ತಳಿ ಕೇಂದ್ರ ಶುರುವಾಯಿತು. ಪರವಾನಗಿ ಬೇಕು, ಒಂದೇ ಲಿಂಗದ ಮೀನು ಸಾಕಬೇಕು, ಮರಿ ಹೊರಗೆ ಹೋಗದಂತೆ ಜಾಲರಿ ಹಾಕಬೇಕು ಎಂಬ ಷರತ್ತುಗಳಿವೆ. 1952ರಲ್ಲಿ ಇಂಥ ಷರತ್ತು ಇರಲಿಲ್ಲ. ಅದರ ಫಲ ಏನು ಅಂತ ತಿಳಿಯೋಕೆ ಕಡತ ಹುಡುಕಬೇಕಿಲ್ಲ, ಕೆರೆ ಏರಿ ಮೇಲಿನ ಬುಟ್ಟಿ ನೋಡಿದ್ರೆ ಸಾಕು.