ಎರೆಭೂಮಿಯಲ್ಲಿ ಬಂಡಿಯನ್ನೆತ್ತಿದ ಬಗೆ

ನರಗುಂದ ಸೀಮೆಯ ಚಿಕ್ಕನರಗುಂದದ ಸುತ್ತಣ ನೆಲವು ಅಪ್ಪಟ ಎರೆಭೂಮಿ. ಬೇಸಗೆಯಲ್ಲಿ ಬಿರುಕುಬಿಟ್ಟು ಬಿಗಿದು ನಿಲ್ಲುವ ಈ ಕರಿಮಣ್ಣು ಮಳೆ ಬಿದ್ದೊಡನೆ ಉಬ್ಬಿ, ಜಿಗುಟಾಗಿ, ಹೇರು ತುಂಬಿದ ಚಕ್ಕಡಿಯ ಗಾಲಿಯನ್ನು ಗುಂಬದವರೆಗೂ ನುಂಗಬಲ್ಲುದು. ಹತ್ತಿ, ಬಿಳಿಜೋಳ, ಗೋದಿ, ಕಡಲೆಗಳನ್ನು ಉದಾರವಾಗಿ ಕೊಡುವ ಮಣ್ಣೇ ಬಂಡಿ ಹೂಡುವವನಿಗೆ ವೈರಿಯಾದುದರಿಂದ, ಭಾರವಾದ ವಾಹನವನ್ನು ಅಪಾಯವಿಲ್ಲದೆ ಮೇಲೆತ್ತುವ ವಿದ್ಯೆ ಈ ಸೀಮೆಯಲ್ಲಿ ಯಂತ್ರಗಳು ಬರುವುದಕ್ಕೆ ಬಹು ಮುಂಚೆಯೇ ಬೇರೂರಿದ್ದಿತು. ಎತ್ತುವ ಬಲಕ್ಕಿಂತ ಅದನ್ನು ಹೊರುವ ನೆಲೆಯೇ ಆ ವಿದ್ಯೆಯ ತಿರುಳೆಂಬುದು ನನ್ನ ಅಭಿಪ್ರಾಯ. ನರಗುಂದದ ಇತಿಹಾಸವೆಂದರೆ 1858ರ ಬಾಬಾಸಾಹೇಬನ ಬಂಡಾಯ, 1980ರ ರೈತರ ಹೋರಾಟವೆಂದು ಬರೆಯುವವರು ಬಂಡಿಯ ಅಚ್ಚಿನತ್ತ ಕಣ್ಣು ಹಾಯಿಸಿದ್ದು ಅಪರೂಪ.

ಆದರೆ ಈ ನಾಡಿನ ಸಂಪತ್ತು ಚಲಿಸಿದ್ದು ಆ ಅಚ್ಚಿನ ಮೇಲೆಯೇ. 1840ರ ದಶಕದಲ್ಲಿ ಕಂಪನಿ ಸರಕಾರವು ಧಾರವಾಡ ಪ್ರಾಂತದಲ್ಲಿ ಅಮೆರಿಕದ ಹತ್ತಿಯ ಬಿತ್ತನೆಗೆ ಪ್ರೋತ್ಸಾಹವಿತ್ತಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧವು ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಿಗದಂತೆ ಮಾಡಿದಾಗ ಇಲ್ಲಿಯ ಹತ್ತಿಗೆ ಬೆಲೆ ಏರಿ, ಅಂಡಿಗೆಗಳನ್ನು ಹೇರಿದ ಬಂಡಿಗಳು ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿದ್ದುವು. 1884ರಲ್ಲಿ ಹೊಟಗಿಯಿಂದ ಗದಗಕ್ಕೆ ರೈಲುಮಾರ್ಗವಾದ ಮೇಲೆ ಆ ದೂರದ ಪ್ರಯಾಣವು ಕಡಮೆಯಾಯಿತಾದರೂ, ಹೊಲದಿಂದ ಪೇಟೆಯವರೆಗಿನ ದಾರಿ ಎರೆಯಾಗಿಯೇ ಉಳಿಯಿತು.

ಹೊರೆಯ ಬಂಡಿಗಿಂತ ಹೆಚ್ಚು ಎಚ್ಚರವನ್ನು ಬಯಸುತ್ತಿದ್ದುದು ಜಾತ್ರೆಯ ಬಂಡಿ. ಬನದ ಹುಣ್ಣಿವೆಗೆ ಬಾದಾಮಿಯ ಬನಶಂಕರಿಗೂ, ಭಾರತ ಹುಣ್ಣಿವೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಹೊರಡುವ ಕುಟುಂಬಗಳು ಕಮಾನು ಕಟ್ಟಿ, ಜಮಖಾನೆ ಹಾಸಿ, ಖಟಕ ರೊಟ್ಟಿ, ಶೇಂಗಾ ಚಟ್ನಿ, ಎತ್ತಿನ ಮೇವು, ಅಡಿಗೆಯ ಪಾತ್ರೆಗಳನ್ನೆಲ್ಲ ತುಂಬಿಕೊಂಡು ಸಾಗುತ್ತಿದ್ದ ಕೊಲ್ಲಾರಿ ಬಂಡಿಯು, ಇಂದಿನ ಸಂಚಾರಿ ಮನೆಯಂತಹ ಮೋಟಾರು ವಾಹನದ ಪೂರ್ವಜನೆಂದರೆ ಅತಿಶಯೋಕ್ತಿಯಲ್ಲ. ಹಗಲಿಗೆ ವಾಹನ, ಇರುಳಿಗೆ ವಸತಿ. ಹೊರಡುವ ಮುನ್ನ ಕೀಲೆಣ್ಣೆ ಹಾಕಲೇಬೇಕಾಗಿತ್ತು. ಹುಲ್ಲು ಸುಟ್ಟ ಮಸಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಬಿದಿರಿನ ಗೊಟ್ಟದಲ್ಲಿ ತುಂಬಿಟ್ಟು, ಎತ್ತುಗಳ ಕೊರಳು ಬಿಚ್ಚಿ, ಎದುರು ಗಾಲಿಯ ಹಿಂದುಮುಂದೆ ಕಲ್ಲು ಕೊಟ್ಟು, ಅಚ್ಚಿನ ಕೆಳಗೆ ಹಾರೆಯನ್ನೋ ಗಟ್ಟಿ ತೊಲೆಯನ್ನೋ ಸೇರಿಸಿ ಇಬ್ಬರು ಮೀಟುತ್ತಿರಲು, ಮೂರನೆಯವನು ಕವಲುಗೋಲನ್ನು ಅಚ್ಚಿಗೆ ಊರೆ ಕೊಟ್ಟು, ಕಡಾಣಿ ಕಳಚಿ, ಗಾಲಿಯನ್ನು ಅರ್ಧ ಹೊರಗೆಳೆದು ಮಸಿಯೆಣ್ಣೆ ಬಳಿಯುತ್ತಿದ್ದನು. ಆ ಕವಲುಗೋಲಿನ ಬುಡದಲ್ಲಿ ಒಂದು ಹಲಗೆಯಿಲ್ಲದಿದ್ದರೆ ಅದು ಎರೆಯೊಳಕ್ಕೆ ಗೂಟದಂತೆ ಇಳಿಯುವುದು. ಅಚ್ಚಿನ ಕೆಳಗಿದ್ದವನ ಕೈಯಂತೂ ಉಳಿಯದು. ತೇರಿನ ಗಾಲಿಗೆ ಸನ್ನೆ ಹಾಕುವವರು ಗಾಲಿಯ ದಾರಿಯಲ್ಲಿ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲುವುದೂ ಇದೇ ಅನುಭವದ ಫಲ.

ಸನ್ನೆಗೋಲು ಮಾಡುವ ಕೆಲಸವನ್ನು ದ್ರವದಿಂದ ಮಾಡಿಸಿದ ಕೀರ್ತಿ ಲಂಡನ್ನಿನ ಜೋಸೆಫ್ ಬ್ರಾಮಾನದು. ಅವನು 1795ರಲ್ಲಿ ಜಲಯಂತ್ರದ ಒತ್ತುಗಾಣಕ್ಕೆ ಹಕ್ಕುಪತ್ರ ಪಡೆದನು. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಅದೇ ತತ್ತ್ವವನ್ನು ಕೈಯಲ್ಲಿ ಹೊತ್ತೊಯ್ಯಬಹುದಾದ ಜಾಕಿಗೆ ಅಳವಡಿಸಿದನು. ಜಾಕಿನೊಳಗಿನ ಚಿಕ್ಕ ಕೊಂತದ (ಪಿಸ್ಟನ್ನಿನ) ವಿಸ್ತಾರಕ್ಕಿಂತ ದೊಡ್ಡ ಕೊಂತದ ವಿಸ್ತಾರ 20 ಪಟ್ಟಾದರೆ ಬಲವೂ 20 ಪಟ್ಟು. ಆದರೆ ಕೈ ಅಷ್ಟೇ ಪಟ್ಟು ಹೆಚ್ಚು ದೂರ ಚಲಿಸಬೇಕು. ಲಾರಿಯೂ ಟ್ರ್ಯಾಕ್ಟರೂ ಊರಿಗೆ ಬಂದ ಕಾಲದಿಂದ ಈ ತತ್ತ್ವದ ಬಾಟಲಿ ಜಾಕು ಕವಲುಗೋಲಿನ ಸ್ಥಾನವನ್ನಾಕ್ರಮಿಸಿತು. ತಿರುಪಿನ ಜಾಕು ಇನ್ನೂ ಕೆಲವು ವಾಹನಗಳ ಉಪಕರಣದ ಪೆಟ್ಟಿಗೆಗಳಲ್ಲುಂಟು, ಅದು ನಿಧಾನ, ಆದರೆ ಎಣ್ಣೆ ಸೋರಿ ಕುಸಿಯುವ ಭಯವಿಲ್ಲ.

ಕೊಲ್ಲಾರಿ ಬಂಡಿಯ ಇಂದಿನ ರೂಪವಾದ ವಸತಿವಾಹನಕ್ಕೆ ಜಾಕನ್ನು ಆರಿಸುವವನು ವಾಹನದ ಒಟ್ಟು ತೂಕವನ್ನು ನೋಡಿ ಬೆದರಬೇಕಾಗಿಲ್ಲ. ಸಾಮಾನು, ನೀರು, ಹಾಸಿಗೆಗಳೆಲ್ಲ ಸೇರಿ 3,500 ಕಿಲೋ ತೂಗುವ ವಸತಿವಾಹನದ ಹಿಂದಿನ ಅಚ್ಚು 2,000 ಕಿಲೋ ಹೊತ್ತಿದ್ದರೆ, ಒಂದು ಗಾಲಿಯ ಪಾಲು ಸುಮಾರು 1,000 ಕಿಲೋ. ಅದಕ್ಕೆ 3 ಟನ್ನಿನ ಜಾಕು ಧಾರಾಳವಾಯಿತು. ಗಾಳಿಯಿಳಿದ ಟಯರಿನೊಡನೆ ಅಚ್ಚು ಎಷ್ಟು ತಗ್ಗಿರುವುದೋ ಅಷ್ಟರೊಳಗೆ ಜಾಕು ನುಸುಳಬೇಕು, ಹೊಸ ಟಯರು ನೆಲ ಬಿಡುವಷ್ಟು ಮೇಲೇಳಲೂಬೇಕು. ಇವೆರಡು ಅಳತೆಗಳನ್ನು ಮರೆತು ಟನ್ನನ್ನು ಮಾತ್ರ ಕೇಳಿ ಕೊಳ್ಳುವವರೇ ಹೆಚ್ಚು. ಇನ್ನು ಎರೆಯ ಲೆಕ್ಕ ಬೇರೆ: ಜಾಕಿನ ತಳ 100 ಚದರ ಸೆಂಟಿಮೀಟರಾದರೆ ಆ 1,000 ಕಿಲೋ ಒಂದೊಂದು ಚದರ ಸೆಂಟಿಮೀಟರಿನ ಮೇಲೆ 10 ಕಿಲೋ ಒತ್ತುವುದು, 30 ಸೆಂಟಿಮೀಟರು ಉದ್ದಗಲದ ದಪ್ಪ ಹಲಗೆ ಕೊಟ್ಟರೆ ಅದು 1 ಕಿಲೋಗಿಂತ ತುಸು ಹೆಚ್ಚು ಮಾತ್ರ. ಎತ್ತಿದ ಮೇಲೆ ಕಬ್ಬಿಣದ ಆಧಾರಸ್ತಂಭವನ್ನಿಡದೆ ಯಾರೂ ಕೆಳಗೆ ನುಸುಳತಕ್ಕದ್ದಲ್ಲ, ಆ ಸ್ತಂಭಕ್ಕೂ ಹಲಗೆ ಬೇಕು. ಮಳೆ ಹೊಯ್ದ ಹಸಿ ಎರೆಯಾದರೋ ಹಲಗೆಯೂ ಸಾಲದು. ಟ್ರ್ಯಾಕ್ಟರು ಕಟ್ಟಿ ವಾಹನವನ್ನು ಮೊದಲು ಗರಸಿನ ರಸ್ತೆಗೆ ಎಳೆಸಿ, ಆಮೇಲೆ ಜಾಕು ಹಚ್ಚತಕ್ಕದ್ದು.