ಸಾಲೋಟಗಿಯ ಶಾಲೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಊರು ಸಾಲೋಟಗಿ. ಇಂದು ಶಿವಯೋಗೀಶ್ವರನ ಜಾತ್ರೆಯಿಂದ, ಸುತ್ತಲಿನ ಎರಿ ಹೊಲದ ಜೋಳದಿಂದ ಪರಿಚಿತ. ಹತ್ತನೆಯ ಶತಮಾನದಲ್ಲಿ ಇದಕ್ಕೆ ಪಾವಿಟ್ಟಗೆ ಎಂಬ ಹೆಸರಿತ್ತು. ಮುಂದೆ ಶಾಲೆಯ ಹೆಸರು ಊರಿನ ಹೆಸರಿಗೆ ಅಂಟಿಕೊಂಡು, ಶಾಲಾ ಪಾವಿಟ್ಟಗೆ ಎಂಬುದೇ ಸವೆದು ಸಾಲೋಟಗಿ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. ಶಾಲೆ ಹೋಗಿ ಶತಮಾನಗಳೇ ಕಳೆದಿವೆ. ಊರವರ ಬಾಯಲ್ಲಿ ಅದರ ಹೆಸರು ಇನ್ನೂ ಇದೆ.

ಆ ಶಾಲೆಯ ಸಂಗತಿ ತಿಳಿದಿರುವುದು ಒಂದು ಕಲ್ಲುಕಂಬದ ಶಾಸನಗಳಿಂದ. ಸಂಸ್ಕೃತದಲ್ಲಿರುವ ಮೊದಲನೆಯದರ ಕಾಲ ಶಕ 867, ಅಂದರೆ ಕ್ರಿ.ಶ. 945. ಮಾನ್ಯಖೇಟದಿಂದ, ಈಗಿನ ಮಳಖೇಡದಿಂದ, ರಾಷ್ಟ್ರಕೂಟ ಮೂರನೆಯ ಕೃಷ್ಣ ಆಳುತ್ತಿದ್ದ. ಗಜಾಂಕುಶನೆಂಬ ಬಿರುದಿನ ಅವನ ಮಂತ್ರಿ ನಾರಾಯಣ ಇಲ್ಲಿ ತ್ರಯೀಪುರುಷರ, ಅಂದರೆ ಬ್ರಹ್ಮ ವಿಷ್ಣು ಮಹೇಶ್ವರರ, ಗುಡಿಯನ್ನೂ ಅದಕ್ಕೆ ಸೇರಿದಂತೆ ಶಾಲೆಯನ್ನೂ ಕಟ್ಟಿಸಿದ. ನಾನಾ ನಾಡುಗಳ ವಿದ್ಯಾರ್ಥಿಗಳು ಬಂದು ಇಲ್ಲಿ ಓದುತ್ತಿದ್ದರು.

ನಿವರ್ತನವೆಂಬ ಆ ಕಾಲದ ನೆಲದಳತೆಯಲ್ಲಿ ಶಾಲೆಗೆ 500 ನಿವರ್ತನ ಭೂಮಿಯನ್ನು ಬಿಡಲಾಯಿತು. ವಿದ್ಯಾರ್ಥಿಗಳು ಇರಲು 27 ಮನೆಗಳು, ಉಪಾಧ್ಯಾಯರಿಗೆ 50 ನಿವರ್ತನ, ಹೂದೋಟಕ್ಕೆ 4. ದೀಪಕ್ಕೆಂದೇ 12 ನಿವರ್ತನ. ದೂರದಿಂದ ಬಂದ ಹುಡುಗ ಎಲ್ಲಿ ಮಲಗಬೇಕು, ಹೊತ್ತು ಮುಳುಗಿದ ಮೇಲೆ ಹಣತೆಗೆ ಎಣ್ಣೆ ಎಲ್ಲಿಂದ ಬರಬೇಕು ಎಂಬುದನ್ನು ಯೋಚಿಸಿದವರು ಬರೆಸಿದ ಲೆಕ್ಕವಿದು.

ಆದರೆ ಈ ಶಾಸನದಲ್ಲಿ ಹೆಚ್ಚು ಬೆಲೆಯುಳ್ಳ ಮಾತು ಊರವರು ಕೊಟ್ಟದ್ದು. ಮದುವೆಯೊಂದಕ್ಕೆ 5 ನಾಣ್ಯ, ಮುಂಜಿಗೆ ಎರಡೂವರೆ, ಚೌಲಕ್ಕೆ ಒಂದೂಕಾಲು ಶಾಲೆಗೆ ಸಲ್ಲಬೇಕೆಂದು ಗೊತ್ತುಮಾಡಿದರು. ಬ್ರಾಹ್ಮಣ ಭೋಜನ ನಡೆದಾಗ ಶಾಲೆಯವರಿಗೂ ಕೈಲಾದಷ್ಟು ಊಟವಿಡಬೇಕು. ಭೂಮಿ ಒಮ್ಮೆ ಬಿಟ್ಟರೆ ಮುಗಿಯಿತು. ಮನೆಯ ಪ್ರತಿ ಶುಭಕಾರ್ಯದಲ್ಲೂ ಶಾಲೆಗೊಂದು ಪಾಲು ತೆಗೆದಿಡುವುದು ತಲೆಮಾರುಗಳ ಕೆಲಸ. ಹೀಗೆ ಶಾಲೆ ಮಂತ್ರಿಯದಾಗಿ ಉಳಿಯದೆ ಊರಿನದಾಯಿತು. ಊರಿನದು ಎಂದರೂ ಎಲ್ಲರದಲ್ಲ: ಅಗ್ರಹಾರದ ವೇದವಿದ್ಯೆಯ ಬಾಗಿಲು ಒಕ್ಕಲಿನ ಮಕ್ಕಳಿಗಾಗಲಿ ಹೆಣ್ಣುಮಕ್ಕಳಿಗಾಗಲಿ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು.

ಈ ಸೀಮೆಯಲ್ಲಿ ಇಂಥ ವಿದ್ಯಾಸ್ಥಾನ ಇದೊಂದೇ ಅಲ್ಲ. ಚಿತ್ತಾಪುರದ ಬಳಿಯ ನಾಗಾವಿ ಘಟಿಕಾಸ್ಥಾನದ 1058ರ ಶಾಸನ ವೇದ ಓದುವ 200, ಶಾಸ್ತ್ರ ಓದುವ 52 ವಿದ್ಯಾರ್ಥಿಗಳನ್ನೂ ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಸಾಲೋಟಗಿ ಅದಕ್ಕಿಂತ ನೂರು ವರ್ಷ ಹಿಂದಿನದು.

ಮುಂದೆ ಜೋರುಮಳೆಗೆ ಹಳೆಯ ಕಟ್ಟಡ ಕುಸಿಯಿತು. ಶಿಲಾಹಾರ ಮನೆತನದ ಮಾಂಡಲಿಕ ಕಂಚಿಗ ಅದನ್ನು ಮತ್ತೆ ಎತ್ತಿಸಿದ. ಆ ಸಂಗತಿ ಅದೇ ಕಂಬದ ಮೇಲೆ ಇದೆ, ಈ ಸಲ ಕನ್ನಡದಲ್ಲಿ.